ವಿಮಾನ ಹಾರಿಸಿದ ಕೈಗೆ ಹೆಲಿಕಾಪ್ಟರ್ ಕೊಡುವ ಮುನ್ನ

ಎಂಜಿನಿಯರಿಂಗ್ ಕಾಲೇಜುಗಳ ಏರೋ ಕ್ಲಬ್‌ಗಳಲ್ಲಿ ಒಂದು ನಂಬಿಕೆ ಇದೆ. ರಿಮೋಟ್ ಹಿಡಿದು ಮಾಡೆಲ್ ವಿಮಾನ ಹಾರಿಸಲು ಬಂದವರಿಗೆ ಹೆಲಿಕಾಪ್ಟರ್ ಏನು ಮಹಾ, ಒಂದು ವಾರದಲ್ಲಿ ಕೈಗೆ ಹತ್ತುತ್ತದೆ ಎಂದು. ಹಾಗೆ ಅನ್ನಿಸುವುದರಲ್ಲಿ ತಪ್ಪೇನಿಲ್ಲ. ಟ್ರಾನ್ಸ್‌ಮಿಟರ್ ಅದೇ. ನಮ್ಮಂಥ ಹುಡುಗರ ಕೈಯಲ್ಲಿ ಸಾಮಾನ್ಯವಾಗಿ ಇರುವ ಫ್ಲೈಸ್ಕೈ ಎಫ್‌ಎಸ್-ಐ6 ಆದರೆ, ಮೆನುವಿಗೆ ಹೋಗಿ ಏರೋಪ್ಲೇನ್ ಇದ್ದದ್ದನ್ನು ಹೆಲಿಕಾಪ್ಟರ್ ಎಂದು ಬದಲಿಸಿದರಾಯಿತು. ಮೂರು ಸೆಲ್‌ನ 2200 ಎಂಎಎಚ್ ಲಿಪೋ ಬ್ಯಾಟರಿ ಟ್ರೈನರ್ ವಿಮಾನಕ್ಕೂ ನಡೆಯುತ್ತದೆ, 450 ಸೈಜಿನ ಹೆಲಿಕಾಪ್ಟರ್‌ಗೂ ನಡೆಯುತ್ತದೆ. ಅವೇ ಎರಡು ಸ್ಟಿಕ್, ಅವೇ ಎರಡು ಹೆಬ್ಬೆರಳು. ಬದಲಾಗಿದ್ದಾದರೂ ಏನು?

ಹೆಚ್ಚುಕಡಿಮೆ ಎಲ್ಲವೂ ಬದಲಾಗಿದೆ ಎಂಬುದು ನನ್ನ ವಾದ. ಆದ್ದರಿಂದ ಹೆಲಿಕಾಪ್ಟರ್ ಬೇಡ ಎಂದು ಹೇಳಲು ಹೊರಟಿಲ್ಲ. ನಮ್ಮ ಕ್ಲಬ್‌ಗಳಲ್ಲಿ ಅದು ಇರಲೇಬೇಕು. ಆದರೆ ಅದನ್ನು ಒಂದನೇ ಕ್ಲಾಸಿನಿಂದ ಕಲಿಯಬೇಕು, ಕ್ಲಬ್‌ನ ಬೆಸ್ಟ್ ಪೈಲಟ್‌ಗೂ ನೇರವಾಗಿ ಐದನೇ ಕ್ಲಾಸಿಗೆ ಅಡ್ಮಿಷನ್ ಕೊಡಬಾರದು.

ಇದನ್ನು ಬರೆಯುವಂತೆ ಮಾಡಿದ್ದು ನಮ್ಮ ಕ್ಲಬ್ ರೂಮಿನ ಕಬ್ಬಿಣದ ಬೀರು. ಅದರ ಕೆಳಗಿನ ಖಾನೆಯಲ್ಲಿ ಒಂದು 450 ಹೆಲಿಕಾಪ್ಟರ್ ಮಲಗಿದೆ. ನಾನು ಕಾಲೇಜು ಸೇರುವ ಮೊದಲು ಸೀನಿಯರ್‌ಗಳು ತಲೆಗಿಷ್ಟು ಎಂದು ದುಡ್ಡು ಹಾಕಿ ತಂದದ್ದು. ವಿಮಾನವನ್ನು ತಲೆಕೆಳಗಾಗಿ ಹಾರಿಸುವಷ್ಟು ಪಳಗಿದ್ದ ಅಣ್ಣನೊಬ್ಬ ಆಗ ಕ್ಲಬ್‌ನಲ್ಲಿದ್ದ. ಸಹಜವಾಗಿಯೇ ಮೊದಲ ಹಾರಾಟ ಅವನ ಕೈಗೆ ಹೋಯಿತು. ಆ ಹಾರಾಟದ ಮೊಬೈಲ್ ವಿಡಿಯೋ ಇನ್ನೂ ಗ್ರೂಪಿನಲ್ಲಿದೆ. ನೆಲ ಬಿಟ್ಟದ್ದರಿಂದ ನೆಲ ಸೇರಿದ್ದರವರೆಗೆ 9 ಸೆಕೆಂಡ್. ಮೇನ್ ಬ್ಲೇಡ್ ಎರಡೂ ತುಂಡು, ಮೇನ್ ಶಾಫ್ಟ್ ಡೊಂಕು, ಬಾಲದ ಕೊಳವೆ ಎರಡು ಹೋಳು. ಬ್ಲೇಡಿನ ಒಂದು ಚೂರು ನೋಡುತ್ತ ನಿಂತವರ ಪಕ್ಕದಿಂದಲೇ ಹಾದುಹೋಯಿತಂತೆ. ಮರುದಿನ ವಿಭಾಗದಿಂದ ಅಪ್ಪಣೆ ಬಂತು: "ಇನ್ನು ಹೆಲಿಕಾಪ್ಟರ್ ಸಹವಾಸ ಬೇಡ. ವಿಮಾನ ಮಾಡಿ, ಡ್ರೋನ್ ಮಾಡಿ, ಸಾಕು." ಆ ಅಪ್ಪಣೆ ಇವತ್ತಿಗೂ ಜಾರಿಯಲ್ಲಿದೆ.

ಆ ವಿಡಿಯೋವನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಷ್ಟೂ ನನಗೆ ಅನ್ನಿಸುವುದು, ಆ ಅಣ್ಣನ ಕೈಯಲ್ಲಿ ಕಸುಬು ಕಡಿಮೆಯಿರಲಿಲ್ಲ. ಹೆಲಿಕಾಪ್ಟರ್ ಮೇಲೆದ್ದ ಕೂಡಲೇ ಎಡಕ್ಕೆ ಜಾರಿತು. ಅವನು ಬಲಕ್ಕೆ ಸ್ಟಿಕ್ ಕೊಟ್ಟ. ಅದು ಬಲಕ್ಕೆ ವಾಲಿ ಓಡತೊಡಗಿತು. ಗಾಬರಿಯಲ್ಲಿ ಎಡ ಹೆಬ್ಬೆರಳು ಥ್ರಾಟಲ್ ಇಳಿಸಿತು, ಬಲ ಹೆಬ್ಬೆರಳು ಎಲಿವೇಟರ್ ಅನ್ನು ತನ್ನ ಕಡೆಗೆ ಎಳೆಯಿತು. ವಿಮಾನದಲ್ಲಿ ಇದು ನೂರಕ್ಕೆ ನೂರು ಸರಿಯಾದ ಕೆಲಸ. ನೆಲದ ಹತ್ತಿರ ಏನೋ ಎಡವಟ್ಟಾದರೆ ಪವರ್ ಕಡಿಮೆ ಮಾಡು, ಮೂತಿ ಎತ್ತು, ಹುಲ್ಲಿನ ಮೇಲೆ ಮೆತ್ತಗೆ ಕೂರಿಸು ಎಂದೇ ನಮಗೆ ಹೇಳಿಕೊಡುವುದು. ಹೆಲಿಕಾಪ್ಟರ್‌ನಲ್ಲಿ ಎಲಿವೇಟರ್ ಎಳೆದರೆ ಅದು ಮೇಲೇರುವುದಿಲ್ಲ, ಹಿಂದಕ್ಕೆ ವಾಲುತ್ತದೆ. ಎಡ ಸ್ಟಿಕ್ ಇಳಿಸಿದರೆ ತೇಲಿಕೊಂಡು ಇಳಿಯಲು ಅದಕ್ಕೆ ರೆಕ್ಕೆಯೇ ಇಲ್ಲ. ಹಾಗಾಗಿ ಬಾಲ ಮೊದಲು ನೆಲಕ್ಕೆ ಬಡಿಯಿತು, ಉಳಿದದ್ದು ಅದರ ಹಿಂದೆ. ಎರಡು ವರ್ಷ ವಿಮಾನ ಕಲಿಸಿದ್ದನ್ನು ಆ ಕೈ ಚಾಚೂ ತಪ್ಪದೆ ಮಾಡಿತ್ತು. ಏನೂ ಗೊತ್ತಿಲ್ಲದ ಜೂನಿಯರ್ ಆಗಿದ್ದರೆ ಬಹುಶಃ ಸ್ಟಿಕ್ ಬಿಟ್ಟು ಸುಮ್ಮನೆ ನಿಂತಿರುತ್ತಿದ್ದ, ನಷ್ಟ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ!

ಮೊದಲಿಗೆ ಅದು ಎಡಕ್ಕೆ ಯಾಕೆ ಜಾರಿತು? ಮೇಲಿನ ರೋಟರ್ ಬಲಸುತ್ತಿನಲ್ಲಿ ತಿರುಗುವಾಗ ಹೆಲಿಕಾಪ್ಟರ್‌ನ ಮೈ ಎಡಸುತ್ತಿನಲ್ಲಿ ತಿರುಗಲು ನೋಡುತ್ತದೆ. ಅದನ್ನು ತಡೆಯಲೆಂದೇ ಬಾಲದಲ್ಲಿ ಪುಟ್ಟ ರೋಟರ್ ಇಟ್ಟಿರುವುದು. ಆದರೆ ಬಾಲದ ರೋಟರ್ ಮೈಯನ್ನು ತಿರುಗದಂತೆ ತಡೆಯುವ ಜೊತೆಗೆ ಇಡೀ ಯಂತ್ರವನ್ನೇ ಎಡಕ್ಕೆ ತಳ್ಳುತ್ತದೆ. ಆದ್ದರಿಂದ ನಿಂತಲ್ಲೇ ನಿಲ್ಲಬೇಕಾದರೆ ಹೆಲಿಕಾಪ್ಟರ್ ತುಸು ಬಲಕ್ಕೆ ವಾಲಿಕೊಂಡೇ ಇರಬೇಕು. ವಿಮಾನ ಮಾತ್ರ ಹಾರಿಸಿದವರಿಗೆ ಇಂಥದ್ದೊಂದು ಇದೆ ಎಂಬ ಸುಳಿವೂ ಇರುವುದಿಲ್ಲ. ಯಂತ್ರ ನೇರವಾಗಿದೆ, ಆದರೂ ಯಾಕೆ ಓಡುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಎರಡು ಮೀಟರ್ ಹೋಗಿಬಿಟ್ಟಿರುತ್ತದೆ.

ಇನ್ನೂ ದೊಡ್ಡ ವ್ಯತ್ಯಾಸ ಸ್ಟಿಕ್ ಬಿಟ್ಟಾಗ ಗೊತ್ತಾಗುತ್ತದೆ. ಕಲಿಯುವವರ ವಿಮಾನದಲ್ಲಿ ರೆಕ್ಕೆ ಮೈಯ ಮೇಲ್ಭಾಗದಲ್ಲಿರುತ್ತದೆ, ಎರಡೂ ತುದಿ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ವಾಲಿದಾಗ ಸ್ಟಿಕ್ ಬಿಟ್ಟರೆ ಅದು ತಾನಾಗಿಯೇ ಸಮಕ್ಕೆ ಬರಲು ನೋಡುತ್ತದೆ. ಬಟ್ಟಲಿನೊಳಗೆ ಹಾಕಿದ ಗೋಲಿಯ ಹಾಗೆ, ಎತ್ತ ತಳ್ಳಿದರೂ ನಡುವಿಗೆ ಬರುತ್ತದೆ. ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಂತ ಹೆಲಿಕಾಪ್ಟರ್ ಬೋರಲು ಹಾಕಿದ ಬಟ್ಟಲಿನ ಮೇಲಿನ ಗೋಲಿ. ಸ್ಟಿಕ್ ಬಿಟ್ಟು ಒಂದೆರಡು ಸೆಕೆಂಡ್ ಕಳೆದರೆ ಅದು ಎಲ್ಲಿಗೋ ಹೊರಟಿರುತ್ತದೆ. ಚಿಕ್ಕವರಿದ್ದಾಗ ಅಂಗೈ ಮೇಲೆ ಪೊರಕೆ ನಿಲ್ಲಿಸುವ ಆಟ ಆಡಿದ್ದೀರಲ್ಲ, ಹೋವರ್ ಎಂದರೆ ಅದೇ. ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ಸ್ಟೇಬಲ್, ಅನ್‌ಸ್ಟೇಬಲ್ ಎಂದು ಉರು ಹೊಡೆಯುತ್ತೇವೆ. ಅನ್‌ಸ್ಟೇಬಲ್ ಎಂದರೇನು ಎಂದು ಹೆಬ್ಬೆರಳಿಗೆ ತಿಳಿಯುವುದು ಇಲ್ಲೇ.

ಅದರಲ್ಲೂ ಒಂದು ಸೂಕ್ಷ್ಮವಿದೆ. ಸ್ಟಿಕ್ ತಳ್ಳಿದರೆ ಹೆಲಿಕಾಪ್ಟರ್ ವಾಲಲು ಶುರುಮಾಡುತ್ತದೆ. ಸ್ಟಿಕ್ ನಡುವಿಗೆ ಬಂದರೆ ವಾಲುವುದು ನಿಲ್ಲುತ್ತದೆ, ಆದರೆ ವಾಲಿದ್ದು ವಾಲಿಯೇ ಇರುತ್ತದೆ. ವಾಲಿರುವಷ್ಟು ಹೊತ್ತೂ ಆ ಕಡೆಗೆ ವೇಗ ಏರುತ್ತಲೇ ಹೋಗುತ್ತದೆ. ಅಂದರೆ ಬಲಕ್ಕೆ ಒಂದಿಷ್ಟು ಕೊಟ್ಟರೆ, ಎಡಕ್ಕೆ ಅಷ್ಟೇ ಕೊಟ್ಟು ವಾಪಸ್ ತೆಗೆದುಕೊಳ್ಳಬೇಕು, ಆಮೇಲೆ ಓಡುತ್ತಿರುವುದನ್ನು ನಿಲ್ಲಿಸಲು ಎಡಕ್ಕೆ ಇನ್ನಷ್ಟು, ಅದನ್ನೂ ವಾಪಸ್. ಕೊಡುವುದಕ್ಕಿಂತ ಹಿಂದಕ್ಕೆ ಪಡೆಯುವುದೇ ದೊಡ್ಡ ಕೆಲಸ. ವಿಮಾನದವರು ಕೊಟ್ಟು ಕಾಯುತ್ತಾರೆ. ಇಲ್ಲಿ ಕಾಯುವ ಹಾಗೆಯೇ ಇಲ್ಲ, ಕಣ್ಣಿಗೆ ಕಾಣುವ ಮೊದಲೇ ಕೈ ಹೋಗಿರಬೇಕು. ಜೊತೆಗೆ ಎಡ ಹೆಬ್ಬೆರಳಿನ ಕಥೆ. ವಿಮಾನದಲ್ಲಿ ಅದು ಸೋಮಾರಿ. ಥ್ರಾಟಲ್ ಒಂದು ಕಡೆ ಇಟ್ಟು, ಟೇಕಾಫ್ ಹೊತ್ತಿಗೆ ಅಷ್ಟಿಷ್ಟು ರಡ್ಡರ್ ಕೊಟ್ಟು ಕೂತುಬಿಡುತ್ತದೆ. ಹೆಲಿಕಾಪ್ಟರ್‌ನಲ್ಲಿ ಎತ್ತರವೂ ಬಾಲವೂ ಅದರದೇ ಪಾಲು, ಬಿಡುವೆಂಬುದೇ ಇಲ್ಲ.

ಹಾಗಾದರೆ ವಿಮಾನದ ಅನುಭವ ಪೂರ್ತಿ ದಂಡವೇ? ಅಲ್ಲ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಆಗ ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ ಊರುಗೋಲು ಕೊಟ್ಟ ಹಾಗೆ ಎತ್ತು ಎಂದು ಕಲಿತಿರುತ್ತೇವೆ. ಹೆಲಿಕಾಪ್ಟರ್‌ನ ಮೂತಿ ನಮ್ಮ ಕಡೆ ತಿರುಗಿದಾಗ ಈ ಉಪಾಯ ಜೀವ ಉಳಿಸುತ್ತದೆ. ವೇಗವಾಗಿ ಮುಂದಕ್ಕೆ ಹಾರತೊಡಗಿದ ಮೇಲಂತೂ ಹೆಲಿಕಾಪ್ಟರ್ ಸುಮಾರಾಗಿ ವಿಮಾನದಂತೆಯೇ ತಿರುವು ತೆಗೆದುಕೊಳ್ಳುತ್ತದೆ, ಅಲ್ಲಿ ವಿಮಾನದವರು ಬೇಗ ಮುಂದೆ ಹೋಗುತ್ತಾರೆ. ತೊಂದರೆ ಏನೆಂದರೆ ಆ ಸುಖದ ಜಾಗ ತಲುಪಲು ಹೋವರ್ ದಾಟಿ ಹೋಗಬೇಕು, ಇಳಿಯಲು ಮತ್ತೆ ಅದೇ ಹೋವರ್‌ಗೆ ಬರಬೇಕು.

ಇದು ನಮ್ಮಂಥ ಹವ್ಯಾಸಿಗಳ ಗೋಳು ಮಾತ್ರ ಅಂದುಕೊಳ್ಳಬೇಡಿ. ಡಿಜಿಸಿಎ ಕೊಡುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ವಿಮಾನಕ್ಕೆ ಬೇರೆ, ಹೆಲಿಕಾಪ್ಟರ್‌ಗೆ ಬೇರೆ. ವಾಯುಪಡೆಯ ಕೆಡೆಟ್‌ಗಳು ಮೊದಲು ವಿಮಾನದಲ್ಲೇ ಹಾರಾಟ ಕಲಿಯುತ್ತಾರೆ. ಹೆಲಿಕಾಪ್ಟರ್ ವಿಭಾಗ ಸಿಕ್ಕವರು ಆಮೇಲೆ ಹೈದರಾಬಾದ್ ಹತ್ತಿರದ ಹಕೀಂಪೇಟೆಯ ಹೆಲಿಕಾಪ್ಟರ್ ತರಬೇತಿ ಶಾಲೆಗೆ ಹೋಗುತ್ತಾರೆ. ಇಗೊರ್ ಸಿಕೋರ್ಸ್ಕಿಯ ಹೆಸರು ಕೇಳಿರುತ್ತೀರಿ. 1909-10ರಲ್ಲಿ ಎರಡು ಹೆಲಿಕಾಪ್ಟರ್ ಕಟ್ಟಿ, ಹಾರದೆ, ಬದಿಗಿಟ್ಟು ವಿಮಾನದ ಕಡೆಗೆ ಹೊರಳಿದವರು. 1913ರಲ್ಲಿ ನಾಲ್ಕು ಎಂಜಿನ್‌ಗಳ ವಿಮಾನ ಹಾರಿಸಿ ಜಗತ್ತನ್ನು ಬೆರಗುಗೊಳಿಸಿದರು. ಅಷ್ಟೆಲ್ಲ ಆದ ಮೇಲೆ ಅಮೆರಿಕದಲ್ಲಿ 1939ರ ಸೆಪ್ಟೆಂಬರ್ 14ರಂದು ವಿಎಸ್-300 ಹೆಲಿಕಾಪ್ಟರ್‌ನಲ್ಲಿ ತಾವೇ ಕೂತು ಮೇಲೆದ್ದಾಗ ಅವರಿಗೆ 50 ವರ್ಷ, ಯಂತ್ರವನ್ನು ನೆಲಕ್ಕೆ ಕಟ್ಟಿಹಾಕಲಾಗಿತ್ತು. ಕಟ್ಟು ಬಿಚ್ಚಿ ಹಾರಿದ್ದು 1940ರ ಮೇ ತಿಂಗಳಲ್ಲಿ. ವಿಮಾನದಲ್ಲಿ ಅಷ್ಟು ಪಳಗಿದ ಮನುಷ್ಯ ಎಂಟು ತಿಂಗಳು ಹಗ್ಗ ಕಟ್ಟಿಕೊಂಡು ಕಲಿತರೆ, ನಾವು ಮೊದಲ ದಿನವೇ ಗ್ರೌಂಡಿನ ನಡುವೆ ನಿಂತು ವಿಡಿಯೋ ಆನ್ ಮಾಡುತ್ತೇವೆ.

ಅಪಾಯದ ಮಾತು ಬಂದಾಗ ನಮ್ಮ ವಿಭಾಗದವರ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. 450 ಸೈಜಿನಲ್ಲಿ ರೋಟರ್‌ನ ಅಗಲ ಸುಮಾರು 70 ಸೆಂ.ಮೀ. ನಿಮಿಷಕ್ಕೆ 2,500 ಸುತ್ತು ಎಂದು ಹಿಡಿದರೂ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 330 ಕಿ.ಮೀ. ಆಗುತ್ತದೆ. ಕ್ಯಾಲ್ಕುಲೇಟರ್ ತೆಗೆದು ನೀವೇ ಲೆಕ್ಕ ಹಾಕಿ. ಇದಕ್ಕಿಂತ ದೊಡ್ಡ ಮಾಡೆಲ್‌ಗಳಲ್ಲಿ ಇನ್ನೂ ಜಾಸ್ತಿ. 2013ರಲ್ಲಿ ನ್ಯೂಯಾರ್ಕ್‌ನ ಉದ್ಯಾನವೊಂದರಲ್ಲಿ 19 ವರ್ಷದ ಯುವಕನೊಬ್ಬ ತನ್ನದೇ ಮಾಡೆಲ್ ಹೆಲಿಕಾಪ್ಟರ್ ಬಡಿದು ಪ್ರಾಣ ಕಳೆದುಕೊಂಡ. ಅವನು ಹೊಸಬನಲ್ಲ, ಚೆನ್ನಾಗಿ ಪಳಗಿದವನು. ಆದ್ದರಿಂದ ಜಾಗ, ದೂರ, ಕ್ರಮ ಇವುಗಳಲ್ಲಿ ರಾಜಿ ಬೇಡ. ಆದರೆ ಲೇಥ್ ಮಷಿನ್ ಕೂಡ ಅಪಾಯವೇ. ವರ್ಕ್‌ಶಾಪಿನಲ್ಲಿ ಒಬ್ಬನ ಬೆರಳಿಗೆ ಪೆಟ್ಟಾದರೆ ಲೇಥನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಿಲ್ಲ, ಅದರ ಮುಂದೆ ನಿಲ್ಲುವ ಮೊದಲು ಏನೇನು ಕಲಿತಿರಬೇಕು ಎಂದು ಗೋಡೆಗೆ ಬರೆಯುತ್ತೇವೆ. ಹೆಲಿಕಾಪ್ಟರ್‌ಗೂ ಅಷ್ಟೇ ನ್ಯಾಯ ಸಿಗಲಿ.

ಹಾಗಿದ್ದರೆ ಕ್ರಮ ಯಾವುದು? ನಾನು ಕಲಿತ ದಾರಿ ಹೇಳುತ್ತೇನೆ, ಇದೇ ಸರಿ ಎಂದಲ್ಲ. ಟ್ರಾನ್ಸ್‌ಮಿಟರ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟರ್. ಇಂಟರ್ನಲ್ಸ್ ವಾರ ಬಿಟ್ಟು ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು. ಬಿದ್ದರೆ ಒಂದು ಬಟನ್ ಒತ್ತಿದರೆ ಸಾಕು, ಶಾಫ್ಟ್ ತಾನೇ ನೆಟ್ಟಗಾಗುತ್ತದೆ! ಜೊತೆಗೆ ಒಂದು ಗೇಣುದ್ದದ ನಾಲ್ಕು ಚಾನೆಲ್‌ನ ಹೆಲಿಕಾಪ್ಟರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಹಾಸ್ಟೆಲ್ ಕಾರಿಡಾರಿನಲ್ಲಿ ಹಾರಿಸುವಂಥದ್ದು. ಇಲ್ಲಿ ಒಂದು ಎಚ್ಚರಿಕೆ. ಆಟಿಕೆ ಅಂಗಡಿಯಲ್ಲಿ ಸಿಗುವ, ಒಂದರ ಮೇಲೊಂದು ಎರಡು ರೋಟರ್ ಇರುವ ಹೆಲಿಕಾಪ್ಟರ್‌ಗಳಿಂದ ಈ ವಿದ್ಯೆ ಬರುವುದಿಲ್ಲ. ಎರಡು ರೋಟರ್ ಎದುರುಬದುರಾಗಿ ತಿರುಗುವುದರಿಂದ ಅವು ತಾವಾಗಿಯೇ ನಿಲ್ಲುತ್ತವೆ. ಸೈಮಾ ಎಸ್107 ಹಾರಿಸಿದ್ದೇನೆ, ನನಗೆ ಹೆಲಿಕಾಪ್ಟರ್ ಬರುತ್ತದೆ ಎನ್ನುವ ಗೆಳೆಯರು ಎಲ್ಲ ಕಾಲೇಜಿನಲ್ಲೂ ಇದ್ದಾರೆ, ಅವರ ಕೈಗೆ 450 ಕೊಡಬೇಡಿ.

ದೊಡ್ಡದಕ್ಕೆ ಬಂದಾಗ ಕೆಳಗೆ ಅಡ್ಡಡ್ಡ ಎರಡು ಉದ್ದ ಕಡ್ಡಿ ಕಟ್ಟಿ, ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಬೇಕು. ವಾಲಿದರೂ ಬ್ಲೇಡು ನೆಲ ಮುಟ್ಟುವುದಿಲ್ಲ. ಬಾಲ ನಮ್ಮ ಕಡೆ ಇರಬೇಕು, ನಾವು ಹಲವು ಮೀಟರ್ ಹಿಂದೆ ನಿಂತಿರಬೇಕು. ಮೊದಲ ಕೆಲವು ಬ್ಯಾಟರಿಗಳು ನೆಲದ ಮೇಲೆ ಜಾರಿಸುವುದಕ್ಕಷ್ಟೇ. ಆಮೇಲೆ ಎತ್ತುವಾಗ ಪಾದದ ಮಟ್ಟದಲ್ಲಿ ತಡವರಿಸುವುದಕ್ಕಿಂತ ಎದೆಮಟ್ಟಕ್ಕೆ ಒಯ್ಯುವುದು ಒಳ್ಳೆಯದು, ಯಾಕೆಂದರೆ ನೆಲಕ್ಕೆ ತೀರಾ ಹತ್ತಿರ ರೋಟರ್ ತಳ್ಳಿದ ಗಾಳಿಯೇ ವಾಪಸ್ ಬಂದು ಅದನ್ನು ಅಲ್ಲಾಡಿಸುತ್ತದೆ. ಬಾಲ ಕಂಡು ಹಾರಿಸುವುದು ಬಂದ ಮೇಲೆ ಸ್ವಲ್ಪ ಓರೆ, ಆಮೇಲೆ ಮಗ್ಗುಲು, ಕೊನೆಗೆ ಮೂತಿ ನಮ್ಮ ಕಡೆ. ಥ್ರಾಟಲ್ ಹೋಲ್ಡ್ ಸ್ವಿಚ್ಚಿನ ಮೇಲೆ ಒಂದು ಬೆರಳು ಯಾವತ್ತೂ ಇರಬೇಕು. ಕೆಳಮಟ್ಟದಲ್ಲಿ ಕೈಮೀರಿದರೆ ಅದನ್ನು ಒತ್ತಿ ಮೋಟರ್ ನಿಲ್ಲಿಸುವುದು, ಅಷ್ಟೇ. ಮೂತಿ ಎತ್ತಿ ಉಳಿಸಿಕೊಳ್ಳುವ ಹಳೆಯ ಚಾಳಿ ಬಿಡಿಸುವುದೇ ಸಿಮ್ಯುಲೇಟರ್‌ನ ಆ ಎರಡು ತಿಂಗಳ ನಿಜವಾದ ಪ್ರಯೋಜನ.

"ಇಷ್ಟೆಲ್ಲ ಯಾಕೆ ಮಗಾ, ಡ್ರೋನ್ ಇದೆಯಲ್ಲ" ಎನ್ನುತ್ತಾರೆ ಗೆಳೆಯರು. ಡ್ರೋನ್‌ನಲ್ಲಿ ಕೆಲಸವಿದೆ, ನಿಜ. ಸರ್ವೆಗೆ, ಹೊಲಕ್ಕೆ ಔಷಧಿ ಹೊಡೆಯುವುದಕ್ಕೆ ಅದೇ ಸರಿಯಾದ ಯಂತ್ರ. ಆದರೆ ಸ್ಟಿಕ್ ಬಿಟ್ಟರೆ ಜಿಪಿಎಸ್ ಹಿಡಿದು ನಿಂತಲ್ಲೇ ನಿಲ್ಲುವ ಯಂತ್ರದಲ್ಲಿ ಹಾರಿಸುವುದು ಕಂಪ್ಯೂಟರ್, ನಾವು ಎಲ್ಲಿಗೆ ಹೋಗು ಎಂದು ಹೇಳುವವರು. ಜಿಪಿಎಸ್ ಕೈಕೊಟ್ಟು ಗಾಳಿಗೆ ತೇಲಲು ಶುರುವಾದಾಗ, ಮೂತಿ ಯಾವ ಕಡೆ ಇದೆ ಎಂದೂ ತಿಳಿಯದೆ ಕೈ ನಡುಗುವವರನ್ನು ನಾನೇ ನೋಡಿದ್ದೇನೆ. ಮೂತಿ ಎದುರಿಟ್ಟುಕೊಂಡು ಹೆಲಿಕಾಪ್ಟರ್ ನಿಲ್ಲಿಸಲು ಬರುವವರಿಗೆ ಆ ಕ್ಷಣ ಅಂಥ ದೊಡ್ಡದೇನಲ್ಲ. ಸರ್ಟಿಫಿಕೇಟ್ ಹಿಂದೆ ಬಿದ್ದಿರುವ ನಮ್ಮ ಬ್ಯಾಚಿಗೆ ಈ ವಿದ್ಯೆ ಎಲ್ಲಿಂದ ಬರಬೇಕು?

ನನಗೆ ಇನ್ನೂ ಬೇಸರವಾಗುವುದು ಬೇರೆ ವಿಷಯಕ್ಕೆ. ಧ್ರುವ್ ಮೊದಲು ಹಾರಿದ್ದು 1992ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ. ಎಚ್‌ಎಎಲ್ ರೂಪಿಸಿದ ಪ್ರಚಂಡ್ 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿತು. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಎಂದರೆ ದೇಶವೇ ತಿರುಗಿ ನೋಡುವ ರಾಜ್ಯ ನಮ್ಮದು. ಇಲ್ಲಿ ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಸ್ವಾಶ್‌ಪ್ಲೇಟ್ ಎಂಬುದನ್ನು ಪಿಪಿಟಿಯಲ್ಲಿ ಮಾತ್ರ ನೋಡಿರುತ್ತಾರೆ. ಬ್ಲೇಡಿನ ಕೋನವನ್ನು ಒಂದೊಂದು ಸುತ್ತಿಗೂ ಬದಲಿಸುವ ಆ ತಟ್ಟೆ 450ರಲ್ಲೂ ಇದೆ, ಕೈಯಲ್ಲಿ ಹಿಡಿದು ವಾಲಿಸಿ ನೋಡಬಹುದು. ವಿಮಾನ ಎಡಕ್ಕೆ ತಿರುಗಿದಾಗ ಮೂತಿ ಏಳುತ್ತದೋ ಬೀಳುತ್ತದೋ ಎಂಬ ಗೈರೋಸ್ಕೋಪಿಕ್ ಕಪಲ್ ಲೆಕ್ಕ ಪರೀಕ್ಷೆಗೆ ಗ್ಯಾರಂಟಿ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದೇ ಗುಣದಿಂದಾಗಿ ರೋಟರ್ ಮುಂದಕ್ಕೆ ವಾಲಬೇಕಾದರೆ ಬ್ಲೇಡಿಗೆ ಕೋನ ಕೊಡಬೇಕಾದದ್ದು ಸುಮಾರು 90 ಡಿಗ್ರಿ ಮೊದಲೇ. ಇದನ್ನು ಕಣ್ಣಾರೆ ನೋಡಿದವರು ಆ ಲೆಕ್ಕವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ದುಡ್ಡಿನ ಪ್ರಶ್ನೆ ಇದ್ದೇ ಇದೆ. ಥರ್ಮೋಕೋಲ್ ವಿಮಾನ ಬಿದ್ದರೆ ಎರಡು ಗ್ಲೂ ಸ್ಟಿಕ್ಕು, ಒಂದಿಷ್ಟು ಟೇಪು. ಹೆಲಿಕಾಪ್ಟರ್ ಬಿದ್ದರೆ ಸಾವಿರಗಳ ಮಾತು, ಬಿಡಿಭಾಗ ಬರುವ ತನಕ ಕಾಯುವುದು ಬೇರೆ. ಅದಕ್ಕೇ ಇದು ಒಬ್ಬೊಬ್ಬರ ಜೇಬಿಗೆ ಬೀಳದೆ ಕ್ಲಬ್‌ನ ಆಸ್ತಿಯಾಗಬೇಕು ಎನ್ನುವುದು. ಸಿಮ್ಯುಲೇಟರ್‌ನಲ್ಲಿ ಮೂತಿ ಎದುರಿಟ್ಟು ಎರಡು ನಿಮಿಷ ನಿಲ್ಲಿಸಿ ತೋರಿಸಿದವರಿಗೆ ಮಾತ್ರ ಕೀಲಿಕೈ ಎಂದು ನಿಯಮ ಮಾಡಿದರೆ ಖರ್ಚು ಅರ್ಧಕ್ಕಿಳಿಯುತ್ತದೆ ಎಂದು ನನ್ನ ಅಂದಾಜು. ಪ್ಲೇಸ್‌ಮೆಂಟ್‌ಗೆ ಉಪಯೋಗ ಏನು ಎಂದು ಅಪ್ಪನೂ ಕೇಳಿದರು. ಕ್ಯಾಂಪಸ್‌ಗೆ ಬರುವ ಯಾವ ಕಂಪನಿಯೂ ಹೋವರ್ ಬರುತ್ತದೆಯೇ ಎಂದು ಕೇಳುವುದಿಲ್ಲಪ್ಪ ಎಂದೆ. ಅವರು ಪೇಪರ್ ಮಡಚಿಟ್ಟು ಕಾಫಿ ಕುಡಿದರು.

ನಿಮ್ಮ ಕಾಲೇಜಿನ ಬೀರುವಿನಲ್ಲೂ ಇಂಥದ್ದೊಂದು ಇದ್ದರೆ, ಗ್ರೌಂಡಿಗೆ ಒಯ್ಯುವ ಮೊದಲು ಮೂರು ಕೆಲಸ ಮಾಡಿ. 2021ರ ಡ್ರೋನ್ ನಿಯಮಗಳು ರೋಟರ್ ಇರುವ ಮಾಡೆಲ್‌ಗಳಿಗೂ ಅನ್ವಯಿಸುತ್ತವೆ. ನಿಮ್ಮ ಗ್ರೌಂಡ್ ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ಮೇನ್ ಬ್ಲೇಡ್ ಎರಡನ್ನೂ, ಬಾಲದ ಬ್ಲೇಡುಗಳನ್ನೂ ಬಿಚ್ಚಿಟ್ಟು, ಮೋಟರ್ ವೈರ್ ತೆಗೆದು ಮೇಜಿನ ಮೇಲೆ ಪವರ್ ಕೊಡಿ. ಆಮೇಲೆ ಬಾಲವನ್ನು ಕೈಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ರಡ್ಡರ್ ಸ್ಟಿಕ್ ಕೊಟ್ಟಾಗ ಯಾವ ಕಡೆ ಸರಿಯುತ್ತದೆ, ಗೈರೋ ತಾನಾಗಿ ಯಾವ ಕಡೆ ಸರಿಸುತ್ತದೆ ಎಂದು ಹೋಲಿಸಿ ನೋಡಿ. ಮೂತಿ ಎಡಕ್ಕೆ ತಿರುಗಿದಾಗ ಗೈರೋ ಬಲಕ್ಕೆ ರಡ್ಡರ್ ಕೊಟ್ಟ ಹಾಗೆ ಸರ್ವೋ ಅಲುಗಾಡಿಸಬೇಕು. ಉಲ್ಟಾ ಇದ್ದರೆ ಸ್ವಿಚ್ ಬದಲಿಸಿ, ಮತ್ತೊಮ್ಮೆ ನೋಡಿ, ಬ್ಲೇಡ್ ಹಾಕುವುದು ಅದಾದ ಮೇಲೆ.